ಶಕ್ತಿಯಿಲ್ಲದ ಪುಟ್ಟಸ್ವಾಮಿಯ ಪದವನ್ನು ಬದಲಿಸಬಾರದೆಂಬ ಬಗ್ಗೆ

ಕೊಪ್ಪ, 1976

ಇಂದ:
ಪುಟ್ಟಸ್ವಾಮಿ (ಶಕ್ತಿಯಿಲ್ಲದವನು), ಕೊಪ್ಪ, ಮದ್ದೂರು ತಾಲ್ಲೂಕು

ಗೆ:
ಇಂಗ್ಲಿಷ್ ಭಾಷೆಯ ಮೇಲಧಿಕಾರಿಗಳು, ಅವರು ಕುಳಿತಿರುವ ಸ್ಥಳ

ಮೂಲಕ: ವರದರಾಜ ಮೇಷ್ಟ್ರು

ವಿಷಯ: ಪದ ಬದಲಾವಣೆಯ ಕೋರಿಕೆಯನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ: ಅರ್ಜಿದಾರನ ಹಿಂದಿನ ಅರ್ಜಿ (ಸಿಟ್ಟಿನಲ್ಲಿ ಬರೆದದ್ದು).

ಮಾನ್ಯರೇ,

1. ತಮ್ಮ ಭಾಷೆಯಲ್ಲಿ ವಾರಕ್ಕೂ ‘ವೀಕ್’, ಶಕ್ತಿಯಿಲ್ಲದವನಿಗೂ ‘ವೀಕ್’. ಇದನ್ನು ಬಿಡಿಸಿ ಹೇಳಿ ಹೇಳಿ ಮೇಷ್ಟ್ರ ಬೆತ್ತ ಸವೆಯಿತೇ ಹೊರತು ಮಕ್ಕಳ ತಲೆಗೆ ಹತ್ತಲಿಲ್ಲ. ಒಂದೇ ಹೆಸರಿನ ಇಬ್ಬರಿದ್ದರೆ ಅಡ್ಡಹೆಸರಿಟ್ಟು ಗುರುತಿಸುವುದು ನಮ್ಮೂರ ರೂಢಿ. ಆದ್ದರಿಂದ ಮೇಷ್ಟ್ರು ಒಂದೇ ಸದ್ದಿನ ಪದಗಳನ್ನು ಒಂದೇ ಹೆಸರಿನವರಿಗೆ ಹಂಚಿದರು. ವಾರಕ್ಕೊಮ್ಮೆ ಮಳವಳ್ಳಿ ಸಂತೆಗೆ ಹೋಗುವ ಪುಟ್ಟಸ್ವಾಮಿಗೆ ಮೊದಲನೆಯದು ಸಂದಿತು. ಕಾಮಾಲೆಯಿಂದೆದ್ದು ಕೋಲೂರಿ ನಡೆಯುತ್ತಿದ್ದ ಅರ್ಜಿದಾರನಿಗೆ ಎರಡನೆಯದು. ಮಕ್ಕಳು ಪಾಸಾದರು. ಕಾಮಾಲೆ ಹೋಯಿತು, ಪದ ಹೋಗಲಿಲ್ಲ.

2. ಅರ್ಜಿದಾರನು ಮುತ್ತತ್ತಿಯ ಹೊಳೆದಂಡೆಯಲ್ಲಿ ಮಳವಳ್ಳಿಯ ಸಣ್ಣತಾಯಮ್ಮನನ್ನು ಕಂಡು, ಮದುವೆಯಾದರೆ ಇವಳನ್ನೇ ಎಂದು ಹಟ ಹಿಡಿದಿದ್ದನು. ಆದ್ದರಿಂದ ಆಕೆಯ ತಂದೆ ಕೆಂಪಸಿದ್ದಯ್ಯನವರು ಮನೆ ನೋಡಲು ಬಂದು ಬಸ್ಸಿಳಿದರು. ಎದುರಿಗೆ ಸಿಕ್ಕಿದ್ದು ನಮ್ಮೂರ ದೇವಿರಮ್ಮ.

“ಪುಟ್ಟಸ್ವಾಮಿ ಮನೆ ಯಾವ್ದವ್ವ?”

“ಯಾವ ಪುಟ್ಟಸ್ವಾಮಿ? ವಾರದವ್ನೋ, ಸಕ್ತಿ ಇಲ್ದವ್ನೋ?”

“ಮದುವೆ ಆಗ್ಬೇಕಾದೋನು ಕಣವ್ವ.”

“ಅಂಗಾದ್ರೆ ಸಕ್ತಿ ಇಲ್ದವ್ನು. ಅಗೋ, ಆ ಮನೆ.”

ಕೆಂಪಸಿದ್ದಯ್ಯನವರು ಅದೇ ಬಸ್ಸು ಹತ್ತಿ ಹಿಂದಿರುಗಿದರು. ಅಂದು ಅರ್ಜಿದಾರನಿಗೆ ಅಳು ಬಂದದ್ದು ನಿಜ.

3. ಪದ ಅದಲುಬದಲು ಮಾಡಿಕೊಳ್ಳೋಣವೆಂದು ವಾರದ ಪುಟ್ಟಸ್ವಾಮಿಯನ್ನು ಕೇಳಲಾಗಿ, “ನಂಗೆ ಆರು ಮಕ್ಳು ಕಣ್ಲಾ. ನಾನು ಸಕ್ತಿ ಇಲ್ದೋನು ಅಂದ್ರೆ ಇಸ್ಕೂಲಲ್ಲಿ ಯಾವ ಮಗು ನಂಬ್ತದೆ? ಪಾಠ ಕೆಟ್ಟೋಯ್ತದೆ, ಬುಡು” ಎಂದನು. ಉಲ್ಲೇಖಿತ ಅರ್ಜಿ ಹುಟ್ಟಿದ್ದು ಆಗ.

4. ತಾವು ಉತ್ತರಿಸದ ಕಾರಣ, ಅರ್ಜಿದಾರನು ತನ್ನ ಶಕ್ತಿಯನ್ನು ಖುದ್ದು ಹಾಜರುಪಡಿಸಲು ಒಂದು ಮೂಟೆ ಭತ್ತ ಹೊತ್ತು ಮಳವಳ್ಳಿಗೆ ಹೋದನು. ಬಾಗಿಲ ಬಳಿ ಬರುವಾಗ ಒಳಗಿನಿಂದ ಸಣ್ಣತಾಯಮ್ಮನ ಮಾತು ಕೇಳಿಸಿತು:

“ಬಾವ ಗಾಡಿ ಎತ್ತೋ ಗಟ್ಟಿಗ ಅಂತ ಅಕ್ಕನ್ನ ಕೊಟ್ರಿ. ಈಗ ಅವ್ಳನ್ನೇ ಎತ್ತಿ ಒಗೀತಾವ್ನೆ. ನಂಗೆ ಆ ಸಕ್ತಿ ಇಲ್ದೋನೇ ಸಾಕು ಕಣಪ್ಪ.”

ಅರ್ಜಿದಾರನು ಮೂಟೆಯನ್ನು ಸದ್ದಿಲ್ಲದೆ ಇಳಿಸಿ, ಕೆಮ್ಮುತ್ತ ಜಗಲಿಯ ಮೇಲೆ ಕುಳಿತನು. ಸಣ್ಣತಾಯಮ್ಮ ನೀರು ತಂದುಕೊಟ್ಟಳು. ಕೆಂಪಸಿದ್ದಯ್ಯನವರು “ನಿನ್ನಿಷ್ಟ ಕಣಮ್ಮ” ಎಂದರು.

5. ಆದ್ದರಿಂದ ಸದರಿ ಪದವನ್ನು ಅರ್ಜಿದಾರನಿಗೇ ಖಾಯಂ ಮಾಡಬೇಕಾಗಿ ಪ್ರಾರ್ಥನೆ. ಹೆಂಡತಿಯ ಮೇಲೆ ಕೈ ಎತ್ತುವಷ್ಟು ಶಕ್ತಿ ತನಗೆ ಯಾವ ಕಾಲಕ್ಕೂ ಬರುವುದಿಲ್ಲವೆಂದು ಆತನು ಈ ಮೂಲಕ ಬರೆದುಕೊಡುತ್ತಾನೆ.

ತಮ್ಮ ವಿಶ್ವಾಸಿಯೂ ನಿಶ್ಶಕ್ತನೂ ಆದ,
ಪುಟ್ಟಸ್ವಾಮಿ

ಲಗತ್ತು: ಅರ್ಜಿದಾರನು ಕಲ್ಲುಗುಂಡಿನಂತಿದ್ದಾನೆಂದು ಮಂಡ್ಯದ ಡಾಕ್ಟರು ಕೊಟ್ಟ ಸರ್ಟಿಫಿಕೇಟ್ (ಹೆಣ್ಣಿನ ಕಡೆಯವರಿಗೆ ತೋರಿಸತಕ್ಕದ್ದಲ್ಲ).

ವಿ.ಸೂ.: ಮೂಟೆ ಇನ್ನೂ ಮಳವಳ್ಳಿಯ ಜಗಲಿಯ ಮೇಲೆಯೇ ಇದೆ. ಸಣ್ಣತಾಯಮ್ಮನ ಎದುರಿಗೆ ಅದನ್ನು ಎತ್ತುವ ಸ್ಥಿತಿಯಲ್ಲಿ ಅರ್ಜಿದಾರನಿಲ್ಲ. ಆದ್ದರಿಂದ ಮುಂದಿನ ಸಂತೆಯ ದಿನ ಅದನ್ನು ಹೊತ್ತು ತರುವಂತೆ ವಾರದ ಪುಟ್ಟಸ್ವಾಮಿಗೆ ಆಜ್ಞೆ ಮಾಡಬೇಕಾಗಿ ವಿನಂತಿ.