ಹುಳುವಿನ ಕೋಣೆಯಲ್ಲಿ ಬೆವರು ಸ್ನಾನ

ಐದನೇ ತರಗತಿಗೆ ಆರೋಗ್ಯ ಪಾಠ ಹೇಳುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ದೇಹದ ಕಸವನ್ನು ಚರ್ಮವು ಬೆವರಿನ ಮೂಲಕ ಹೊರಹಾಕುತ್ತದೆ ಎಂದು ಹಲಗೆಯ ಮೇಲೆ ಬರೆದವನೇ ಬೆಚ್ಚಿಬಿದ್ದೆ. ಐವತ್ತೆಂಟೋ ಐವತ್ತೊಂಬತ್ತೋ ಇಸವಿ. ಶಿಡ್ಲಘಟ್ಟದ ಪಕ್ಕದ ಆ ಹಳ್ಳಿಗೆ ಮೇಷ್ಟ್ರಾಗಿ ಬಂದು ಆರು ವರ್ಷವಾಗಿತ್ತು. ಕುರ್ಚಿ ಬಿಟ್ಟು ಎದ್ದವನಲ್ಲ, ಬೆವತವನಲ್ಲ. ಹಾಗಾದರೆ ಆರು ವರ್ಷದ ಕಸವೆಲ್ಲ ಎಲ್ಲಿ? ಒಳಗೇ ಇದೆ!

ಆದರೆ ಪುಷ್ಯ ಮಾಸದ ಚಳಿಯಲ್ಲಿ ಬೆವರುವುದು ಹೇಗೆ? ಮನೆಯಲ್ಲಿ ಬೆಚ್ಚಗಿದ್ದ ಜಾಗ ಒಂದೇ, ಹಿಂದಿನ ಕೋಣೆ. ಅಲ್ಲಿ ನನ್ನ ಹೆಂಡತಿ ಸಾವಿತ್ರಿ ರೇಷ್ಮೆ ಹುಳು ಸಾಕಿದ್ದಳು. ಯಾರ ನೆರವೂ ಇಲ್ಲದೆ ಅವಳೊಬ್ಬಳೇ ಮಾಡಿದ ಮೊದಲ ಬೆಳೆ. ಗೂಡು ಮಾರಿ ಹೊಲಿಗೆ ಯಂತ್ರ ತರಬೇಕೆಂಬುದು ಅವಳ ಆಸೆ. ಹುಳುಗಳು ಕೊನೆಯ ಸಲ ಪೊರೆ ಬಿಟ್ಟಾಗಿತ್ತು. ಇನ್ನು ಕೆಲವೇ ದಿನಗಳಲ್ಲಿ ಗೂಡು ಕಟ್ಟಲಿದ್ದವು. ಚಳಿ ತಾಗದಿರಲೆಂದು ಅವಳು ಅಲ್ಲೊಂದು ಇದ್ದಿಲ ಒಲೆ ಇಟ್ಟಿದ್ದಳು.

ಆ ಶನಿವಾರ ಮಧ್ಯಾಹ್ನ ತಂಗಿಯ ಮಗುವಿನ ನಾಮಕರಣಕ್ಕೆಂದು ಸಾವಿತ್ರಿ ಚಿಂತಾಮಣಿಗೆ ಹೊರಟಳು.

"ರೀ, ಹೊತ್ತು ಹೊತ್ತಿಗೆ ಸೊಪ್ಪು ಹಾಕ್ತಿರಿ. ಕಿಟಕಿ ಮುಚ್ಬೇಡಿ. ವಾಸ್ನೆ ಇರೋದೇನೂ ಒಳಗ್ ತರ್ಬೇಡಿ. ನಾಳೆ ಬಂದ್ಬಿಡ್ತೀನಿ."

"ಮಕ್ಕಳಿಗೆ ಪಾಠ ಹೇಳೋನಿಗೆ ಹುಳಕ್ಕೆ ಸೊಪ್ಪು ಹಾಕೋಕ್ ಬರಲ್ವೇನೇ!" ಎಂದೆ.

ಬಸ್ಸು ಹೊರಟಿತೋ ಇಲ್ಲವೋ, ನಾನು ಕಾರ್ಯಪ್ರವೃತ್ತನಾದೆ. ಇನ್ನೊಂದು ಒಲೆ ತಂದೆ. ಕಿಟಕಿ ಮುಚ್ಚಿದೆ. ಪಾತ್ರೆ ತುಂಬ ನೀರಿಟ್ಟು ನೀಲಗಿರಿ ಸೊಪ್ಪು ಕುದಿಸಿದೆ. ಕಂಬಳಿ ಹೊದ್ದು ಹುಳುವಿನ ತಟ್ಟೆಗಳ ನಡುವೆ ವಿರಾಜಮಾನನಾದೆ. ಹಣೆಯಲ್ಲಿ ಹುಟ್ಟಿದ ಬೆವರು ಹೊಟ್ಟೆಯವರೆಗೂ ಹರಿಯಿತು. ಆರು ವರ್ಷದ ಕಸ ಸಾಲುಗಟ್ಟಿ ಹೊರಡುತ್ತಿದೆ ಎಂದು ಆನಂದಪಟ್ಟೆ.

ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿದೆ. ಅವು ಮುಟ್ಟಲಿಲ್ಲ, ಸುಮ್ಮನೆ ಬಿದ್ದಿದ್ದವು. ಅವಕ್ಕೂ ಚರ್ಮವಿದೆಯಲ್ಲ, ಶುದ್ಧಿಯಾಗುತ್ತಿರಬೇಕು! ಇನ್ನಷ್ಟು ಇದ್ದಿಲು ಸುರಿದೆ.

ಬೆಳಿಗ್ಗೆ ನೀಲಗಿರಿ ವಾಸನೆ ಹಿಡಿದು ಪಕ್ಕದ ಮನೆಯ ನಾರಾಯಣಪ್ಪ ಬಂದರು. ಹುಳು ಸಾಕಿಯೇ ತಲೆ ನರೆತವರು. ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯೋ ದೇವುಡಾ! ಏನ್ ಮಾಡ್ಬಿಟ್ರಿ ಮೇಷ್ಟ್ರೇ?"

"ಬೆವರು ಬರಿಸ್ಕೊಂಡೆ. ದೇಹಕ್ಕೆ ಒಳ್ಳೇದು."

"ಯಾರ್ ದೇಹಕ್ಕೆ? ಹುಳ ನೋಡ್ರಪ್ಪಾ, ಸಪ್ಪೆ ರೋಗ ಹಿಡ್ದೈತೆ. ಈ ಸೆಕೆಗೆ, ಈ ಹಬೆಗೆ ಒಂದೂ ಉಳಿಯಲ್ಲ."

ಒಂದನ್ನು ಮುಟ್ಟಿದೆ. ಮೆತ್ತಗೆ ನೀರಾಗಿ ಬೆರಳಿಗೆ ಅಂಟಿತು. ಓಡಿಹೋಗಿ ಕಿಟಕಿ ತೆರೆದೆ.

ಸಾವಿತ್ರಿ ಮಧ್ಯಾಹ್ನದ ಬಸ್ಸಿಗೆ ಬಂದಳು. ಒಂದೊಂದೇ ತಟ್ಟೆ ಎಳೆದು ನೋಡಿದಳು. "ರಾತ್ರಿ ಹಗಲು ನೋಡ್ಕೊಂಡಿದ್ನಲ್ರೀ..." ಎಂದಳು, ಅಷ್ಟೆ. ಬೈಯಲಿಲ್ಲ. ಹೊಲಿಗೆ ಯಂತ್ರದ ಮಾತನ್ನು ಮತ್ತೆ ಎತ್ತಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ರೋಗದ ಹುಳುಗಳನ್ನು ಹೂಳದಿದ್ದರೆ ಊರಿನ ಹುಳುಗಳಿಗೆಲ್ಲ ತಗಲುತ್ತದೆ. ನಾರಾಯಣಪ್ಪ ಗುದ್ದಲಿ ಕೊಟ್ಟರು. ಹಿತ್ತಿಲಲ್ಲಿ ಗುಂಡಿ ತೋಡಿದೆ. ಚಳಿಗಾಳಿ ಬೀಸುತ್ತಿತ್ತು. ಹತ್ತೇ ಏಟಿಗೆ ಅಂಗಿ ಹಿಂಡುವ ಹಾಗೆ ಬೆವತಿದ್ದೆ. ಒಲೆ ಬೇಡ, ಕಂಬಳಿ ಬೇಡ, ನೀಲಗಿರಿ ಬೇಡ!

ಕೊನೆಯ ತಟ್ಟೆಯನ್ನು ಗುಂಡಿಗೆ ಸುರಿದ ಸಾವಿತ್ರಿ ಟವಲ್ ಚಾಚಿದಳು. "ಒರೆಸ್ಕೊಳ್ಳಿ, ಶೀತ ಆಗುತ್ತೆ."

ನಾನು ಮೊದಲು ಕಣ್ಣು ಒರೆಸಿಕೊಂಡೆ.

"ಬೆವರು ಕಣೇ" ಎಂದೆ.

ಅವಳು ತಲೆಯಾಡಿಸಿದಳು, ದಡ್ಡ ಹುಡುಗನ ಸ್ಲೇಟು ನೋಡಿದ ಮೇಷ್ಟ್ರ ಹಾಗೆ.