ಖಂಡೇಪೂಜೆಗೆ ಸಿಕ್ಕ ರೈಫಲ್ಲಿನ ಬಾಬ್ತು

ಇಂದ,
ಶಿವಪ್ರಕಾಶ ಬೀಳಗಿ
ತಪಾಸಣೆ ವಿಭಾಗ, ಬಾಲಾನಗರದ ಒಂದು ಇಂಜಿನಿಯರಿಂಗ್ ಶೆಡ್ಡು
ವಾಸ: ಕುಷಾಯಿಗೂಡ, ಹೈದರಾಬಾದ್

ಗೆ,
ಶ್ರೀಮತಿ ಸುಭದ್ರಾ ಅವರು
ಗೌರವ ಕಾರ್ಯದರ್ಶಿಗಳು
ಏಕಾಗ್ರ ರೈಫಲ್ ತರಬೇತಿ ಕೇಂದ್ರ, ಕುಷಾಯಿಗೂಡ

ವಿಷಯ: ಕುಮಾರಿ ನಿರೀಕ್ಷಾಳ ಮೇಲೆ ಹೇರಿರುವ ಒಂದು ವರ್ಷದ ನಿಷೇಧವನ್ನು ಆಕೆಯ ತಂದೆಯ ಹೆಸರಿಗೆ ವರ್ಗಾಯಿಸುವ ಕುರಿತು.

ಉಲ್ಲೇಖ:
(ಅ) ಕೇಂದ್ರದ ಗೋಡೆಗೆ ಅಂಟಿಸಿರುವ ನಿಯಮಾವಳಿ. ಮುಖ್ಯವಾಗಿ "ನಳಿಗೆಗೆ ಎಣ್ಣೆ ಹಾಕಬಾರದು" ಎಂಬ ಸಾಲು, ಇದನ್ನು ನಾನು ಈಚೆಗೆ ಓದಿದೆ.
(ಆ) ತರಬೇತುದಾರ ಯಾದಗಿರಿ ಸರ್ ಅವರ ಮೌಖಿಕ ಆದೇಶ.
(ಇ) ನನ್ನ ಪತ್ನಿ ಸ್ನೇಹಲತಾಳ ಮೌಖಿಕ ಅಭಿಪ್ರಾಯ, ಅದರ ಒಂದೇ ವಾಕ್ಯ ಇಲ್ಲಿ ಕೊಡಲು ಯೋಗ್ಯವಾಗಿದೆ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ದಸರಾ ರಜೆಯಲ್ಲಿ ಕೇಂದ್ರದ ಏರ್ ರೈಫಲ್ಲಿನ ನಳಿಗೆಯೊಳಗೆ ಹರಳೆಣ್ಣೆ ಸುರಿದವನು ನಾನು. ಶಿಕ್ಷೆ ಬಿದ್ದದ್ದು ನನ್ನ ಮಗಳಿಗೆ. ತಾವು ಬೀದರ ಕಡೆಯವರೆಂದು ಕೇಳಿರುವ ಕಾರಣ, ಹಾಗೂ ಖಂಡೇಪೂಜೆ ಎಂದರೇನೆಂದು ತೆಲುಗಿನಲ್ಲಿ ವಿವರಿಸುವಷ್ಟು ಶಕ್ತಿ ಎರಡು ಪಾಳಿ ಮುಗಿಸಿ ಬಂದ ಮೈಯಲ್ಲಿ ಉಳಿದಿಲ್ಲದ ಕಾರಣ, ಈ ಅರ್ಜಿಯನ್ನು ಕನ್ನಡದಲ್ಲೇ ಸಲ್ಲಿಸುತ್ತಿದ್ದೇನೆ. ಸಂಗತಿಗಳು ಈ ಕೆಳಗಿನಂತಿವೆ.

1. ನಾನು ಬಂದೂಕುಗಳ ತಜ್ಞ. ಈ ಪದವಿಯನ್ನು ನನಗೆ ಯಾರೂ ಕೊಟ್ಟಿಲ್ಲ. ಪ್ರತಿ ಭಾನುವಾರ ನಮ್ಮ ಓಣಿಯ ಚಹಾ ಅಂಗಡಿಯ ಮುಂದೆ ಸೇರುವ ಬಳಗದಲ್ಲಿ ನಾನು ತಜ್ಞ, ಕಾರ್ಖಾನೆಯ ಸ್ಟೋರಿನಿಂದ ನಿವೃತ್ತರಾದ ಅಮರೇಶಪ್ಪನವರು ಮಹಾತಜ್ಞ. ಮೋಹನ ಎಂಬವನು ಗಚ್ಚಿಬೌಲಿಗೆ ಕ್ಯಾಬ್ ಓಡಿಸುತ್ತಾನೆ. ಚಹಾದ ದುಡ್ಡು ಅವನೇ ಕೊಡುವುದರಿಂದ ಅವನನ್ನೂ ತಜ್ಞನೆಂದೇ ಪರಿಗಣಿಸಲಾಗಿದೆ. ಹೊಸದಾಗಿ ಕಲಿಯುವವರು ಮೊದಲು ಯಾವ ಗನ್ನು ಕೊಳ್ಳಬೇಕು ಎಂಬ ವಿಷಯ ನಮ್ಮಲ್ಲಿ ವರ್ಷಗಳಿಂದ ಚರ್ಚೆಯಲ್ಲಿದೆ. ಈವರೆಗೆ ಯಾರೂ ಕೊಂಡಿಲ್ಲ.

"ಪಾಯಿಂಟ್ ಒನ್ ಸೆವೆನ್ ಸೆವೆನ್ ಏರ್ ಗನ್ ತಗೋರಿ, ಲೈಸೆನ್ಸಿನ ಕಿರಿಕಿರಿ ಇಲ್ಲ," ಎನ್ನುತ್ತಾರೆ ಅಮರೇಶಪ್ಪನವರು. "ಅದಕ್ಕೂ ದೊಡ್ಡದಾತಂದ್ರ ಕಥಿ ಬ್ಯಾರೆ ಆಕ್ಕೈತಿ."

"ಸರಕಾರ ಲೈಸೆನ್ಸ್ ಕೊಟ್ರೂ ಮನ್ಯಾಗ ಕೊಡಬೇಕಲ್ರಿ," ಎನ್ನುತ್ತಾನೆ ಮೋಹನ. ಅಲ್ಲಿಗೆ ಆ ವಾರದ ಸಭೆ ಮುಕ್ತಾಯವಾಗುತ್ತದೆ.

2. ನಮ್ಮ ಬಳಗದ ಬಳಿ ಇರುವ ಒಟ್ಟು ಶಸ್ತ್ರಾಸ್ತ್ರವೆಂದರೆ ನಮ್ಮ ಮನೆಯ ಒಂದು ಸಂಗೀನು. ಬಂದೂಕಿನ ಮೂತಿಗೆ ಸಿಕ್ಕಿಸುವ, ಸೈನ್ಯದವರು ಬಾಯೊನೆಟ್ ಎನ್ನುವ ಚೂರಿ. ಸಿಪಾಯಿಯಾಗಿದ್ದ ನಮ್ಮಜ್ಜ ಮಲ್ಲಪ್ಪ ನಿವೃತ್ತಿಯಾಗಿ ಬರುವಾಗ ಅದನ್ನು ತಂದರು. ಹೇಗೆ ತಂದರೆಂದು ಕೇಳಬಾರದು ಎಂಬುದು ನಮ್ಮ ಮನೆತನದ ಪದ್ಧತಿ. ಈ ಬಗ್ಗೆಯೂ ಬಳಗದಲ್ಲಿ ಚರ್ಚೆ ನಡೆದಿದೆ. ಆರಂಭಿಸಿದವರು ಅಮರೇಶಪ್ಪನವರು.

"ಶಿವಪ್ರಕಾಶ, ಅಜ್ಜಾರ ಸಂಗೀನು ಮನ್ಯಾಗ ಇಟ್ಕೊಂಡೀರಲ್ಲ, ಕಾಯಿದೇ ಪ್ರಕಾರ ಅದು ಆಯುಧ ಐತಿ, ಗೊತ್ತೇನ್ರಿ?"

"ಮೊಂಡ ಆಗೇತ್ರಿ ಅದು. ನಾವು ಅದ್ರಿಲೆ ತೆಂಗಿನಕಾಯಿ ಸುಲೀತೀವಿ."

"ಕಾಯಿ ಸುಲಿಯೂ ಚಾಕೂಗೆ ರಿಯಾಯಿತಿ ಐತಿ. ಸಂಗೀನಿಗೆ ಇಲ್ಲ. ಕಾಯಿದೆದಾಗ ಹೆಸರು ಹಿಡದು ಬರದಾರ."

"ಹಂಗಾರ ಕಾಯಿ ಹೆಂಗ ಸುಲೀಬೇಕ್ರಿ?"

"ಹಲ್ಲಿಲೆ ಸುಲೀರಿ. ಹಲ್ಲಿಗೆ ಲೈಸೆನ್ಸ್ ಬ್ಯಾಡ."

ಆದ್ದರಿಂದ ಈ ಅರ್ಜಿಯ ಪ್ರತಿಯನ್ನು ಪೊಲೀಸ್ ಇಲಾಖೆಗೆ ಕಳುಹಿಸಬಾರದಾಗಿ ಇಲ್ಲಿಯೇ ಕೋರುತ್ತೇನೆ.

3. ಇಷ್ಟೆಲ್ಲ ಪಾಂಡಿತ್ಯವಿದ್ದ ಮನೆಯಲ್ಲಿ ನಿಜವಾಗಿ ಬಂದೂಕು ಹಿಡಿದವಳು ಒಂಬತ್ತನೇ ತರಗತಿಯ ನಿರೀಕ್ಷಾ ಒಬ್ಬಳೇ. ಅವಳನ್ನು ಕೇಂದ್ರಕ್ಕೆ ಸೇರಿಸಲು ಬಂದ ದಿನ ನಾನು ಯಾದಗಿರಿ ಸರ್ ಅವರಿಗೆ ಮಕ್ಕಳ ಮೊದಲ ರೈಫಲ್ ಎಷ್ಟು ತೂಕವಿರಬೇಕು ಎಂಬ ಬಗ್ಗೆ ಒಂದು ಉಪನ್ಯಾಸ ಕೊಟ್ಟೆ. ಅವರು ಪೂರ್ತಿ ಕೇಳಿಸಿಕೊಂಡು, ಒಂದು ರೈಫಲ್ ತಂದು ನನ್ನ ಕೈಗಿತ್ತರು. ಹೆಗಲಿಗೇರಿಸಿದೆ. ಮೂತಿ ಮೊದಲು ಫ್ಯಾನಿನ ಕಡೆ, ಆಮೇಲೆ ನೀರಿನ ಕ್ಯಾನಿನ ಕಡೆ, ಕೊನೆಗೆ ತಮ್ಮ ಆಫೀಸಿನ ಬಾಗಿಲ ಕಡೆ ಹೊರಳಿತು. ತಾವು ಆಗ ಬಾಗಿಲಲ್ಲೇ ನಿಂತಿದ್ದಿರಿ. ರೈಫಲ್ ಖಾಲಿ ಇತ್ತು ಎಂಬುದನ್ನು ತಮ್ಮ ಸಮಾಧಾನಕ್ಕಾಗಿ ಈಗ ತಿಳಿಸುತ್ತಿದ್ದೇನೆ.

4. ದಸರಾಕ್ಕೆ ಕೇಂದ್ರ ಮುಚ್ಚಿತು. ರಜೆ ಮುಗಿದ ಕೂಡಲೇ ರಾಜ್ಯಮಟ್ಟದ ಕೂಟಕ್ಕೆ ಮಕ್ಕಳ ಆಯ್ಕೆ ಇದ್ದ ಕಾರಣ, ಹಿಡಿಯುವ ಅಭ್ಯಾಸ ತಪ್ಪಬಾರದೆಂದು ಯಾದಗಿರಿ ಸರ್ ಒಂದು ರೈಫಲ್ಲನ್ನು ಪೆಟ್ಟಿಗೆ ಸಮೇತ ನಿರೀಕ್ಷಾಳಿಗೆ ಎರವಲು ಕೊಟ್ಟು ಕಳಿಸಿದರು. ಸ್ವಂತದ್ದು ಕೊಡಿಸುವ ತಾಕತ್ತು ನನಗಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅವಳು ಗೋಡೆಗೆ ಒಂದು ಕರಿ ಚುಕ್ಕೆ ಅಂಟಿಸಿ, ಅದರ ಎದುರು ಕಲ್ಲಿನಂತೆ ನಿಲ್ಲುತ್ತಿದ್ದಳು. ಕುಕ್ಕರ್ ಕೂಗಿದರೂ ರೆಪ್ಪೆ ಬಡಿಯುತ್ತಿರಲಿಲ್ಲ. ಆದರೆ ಮೊದಲ ದಿನವೇ ನನ್ನಿಂದ ಮಾತು ತೆಗೆದುಕೊಂಡಿದ್ದಳು.

"ಪಪ್ಪಾ, ಇದನ್ನ ಮುಟ್ಟಬ್ಯಾಡ್ರಿ. ಒರಸಬ್ಯಾಡ್ರಿ. ನಿಮ್ಮ ಅಮರೇಶಪ್ಪ ಕಾಕಾಗೂ ಹೇಳ್ರಿ."

"ಮುಟ್ಟಂಗಿಲ್ಲವಾ. ದೇವರಾಣೆ."

5. ಮಹಾನವಮಿ ಬಂತು. ನಮ್ಮಲ್ಲಿ ಖಂಡೇಪೂಜೆಗೆ ಮನೆಯಲ್ಲಿರುವ ಕಬ್ಬಿಣವೆಲ್ಲ ಕಂಬಳಿಯ ಮೇಲೆ ಬರಬೇಕು, ಆಯುಧಕ್ಕೆ ಎಣ್ಣೆ ಉಣ್ಣಿಸಬೇಕು. ಸಂಗೀನು ಬಂತು. ಅಡಕಿ ಕತ್ತರಿ, ನನ್ನ ಮೈಕ್ರೋಮೀಟರು, ಮಿಕ್ಸರ್, ಸ್ಕೂಟರಿನ ಕೀಲಿ ಬಂದವು. ಸ್ನೇಹಲತಾ ಮತ್ತು ನಿರೀಕ್ಷಾ ಹೂವಿಗೆಂದು ಹೊರಗೆ ಹೋಗಿದ್ದರು. ಪ್ರಸಾದಕ್ಕೆಂದು ಮುಂಚಿತವಾಗಿಯೇ ಬಂದಿದ್ದ ಅಮರೇಶಪ್ಪನವರು ಮೂಲೆಯಲ್ಲಿದ್ದ ಪೆಟ್ಟಿಗೆಯನ್ನು ನೋಡಿದರು.

"ಅಲ್ರೀ, ಖರೇ ಬಂದೂಕು ಮೂಲ್ಯಾಗ ಇಟ್ಟು ಮಿಕ್ಸರಿಗೆ ಹೂ ಏರಸಾಕತ್ತೀರಿ? ಆಯುಧ ಮುನಿಸ್ಕೋತಾವು."

"ಮುಟ್ಟಂಗಿಲ್ಲಂತ ಮಗಳಿಗೆ ಮಾತು ಕೊಟ್ಟೀನ್ರಿ."

"ಮುಟ್ಟೂದು ಬ್ಯಾರೆ, ಪೂಜಿ ಬ್ಯಾರೆ. ದೇವರನ್ನ ಮುಟ್ಟಲಾರದ ಪೂಜಾರಿ ಪೂಜಿ ಮಾಡ್ತಾನೇನ್ರಿ?"

ಕಾನೂನಿನ ಈ ಸೂಕ್ಷ್ಮ ನನಗೆ ಸಂಪೂರ್ಣ ಒಪ್ಪಿಗೆಯಾಯಿತು.

6. ಪೆಟ್ಟಿಗೆ ತೆರೆದೆವು. ಗುರಿ ನೋಡುವ ಸಣ್ಣ ರಂಧ್ರ ಆಯುಧದ ಕಣ್ಣು. ಕಣ್ಣಿಗೆ ವಿಭೂತಿ ಹಚ್ಚಿದೆ. ಮೂತಿಗೆ ಕುಂಕುಮ, ಮೈಗೆ ಚೆಂಡು ಹೂ. ಸಂಗೀನಿಗೆ ಹಚ್ಚಿ ಉಳಿದಿದ್ದ ಹರಳೆಣ್ಣೆ ಬಟ್ಟಲಲ್ಲಿತ್ತು. "ಔಡಲೆಣ್ಣಿ ಒಂದು ಚಮಚ ಸಾಕ್ರಿ," ಎಂದರು ಅಮರೇಶಪ್ಪನವರು. "ದೊಡ್ಡ ಹಬ್ಬ, ಎರಡಿರಲಿ," ಎಂದು ನಾನು ಮೂತಿ ಮೇಲೆ ಮಾಡಿ ಸುರಿದೆ.

ಇಲ್ಲಿ ಗಮನಿಸಬೇಕಾದ ಅಂಶ: ನನ್ನ ಉದ್ಯೋಗವೇ ಯಂತ್ರದ ಬಿಡಿಭಾಗಗಳ ರಂಧ್ರ ಅಳೆಯುವುದು. ರಂಧ್ರದಲ್ಲಿ ಎಣ್ಣೆಯ ಪಸೆ ಇದ್ದರೂ ಅಳತೆ ಕೆಡುತ್ತದೆ ಎಂದು ಹೊಸ ಹುಡುಗರಿಗೆ ದಿನಾ ಬೈಯುವವನು ನಾನೇ. ಆದರೂ ಸುರಿದೆ. ಹಬ್ಬದ ದಿನ ನಾನು ರಜೆಯ ಮೇಲಿದ್ದೆ ಎಂಬುದಷ್ಟೇ ಇದಕ್ಕೆ ನನ್ನ ಬಳಿ ಇರುವ ಸಮರ್ಥನೆ.

7. ನಿರೀಕ್ಷಾ ಬಂದಳು. ಹೊಸಿಲಲ್ಲೇ ನಿಂತು ಚೀರಿದಳು.

"ಪಪ್ಪಾ! ಇದಕ್ಕ ಹೂ ಯಾರು ಏರಸಿದ್ರು?"

"ಪೂಜಿ ಮಾಡೀನವಾ. ಮುಟ್ಟಿಲ್ಲ."

"ಮುಟ್ಟದೇ ಪೆಟಿಗ್ಯಾಗಿಂದ ತಾನೇ ಎದ್ದು ಬಂತೇನು?"

ಅಮರೇಶಪ್ಪನವರು ಪ್ರಸಾದವನ್ನೂ ತೆಗೆದುಕೊಳ್ಳದೆ ಸಭೆಯಿಂದ ನಿರ್ಗಮಿಸಿದರು. ಅವಳು ಅಳುತ್ತಲೇ ಹೂ ಕಿತ್ತು, ಹತ್ತಿ ತಂದು, ಕಣ್ಣಿನೊಳಗಿನ ವಿಭೂತಿಯನ್ನೆಲ್ಲ ತೆಗೆದಳು. ಎಣ್ಣೆಯ ವಿಷಯ ನಾನು ಹೇಳಲಿಲ್ಲ. ಮುಚ್ಚಿಡುವ ಉದ್ದೇಶ ಇರಲಿಲ್ಲ. ಅದು ಸೇವೆಯೆಂದು ತಿಳಿದಿದ್ದೆ; ಮಾಡಿದ ಸೇವೆಯನ್ನು ಹೇಳಿಕೊಳ್ಳಬಾರದೆಂದು ನಮ್ಮ ಹಿರಿಯರು ಕಲಿಸಿದ್ದಾರೆ.

8. ಆಯ್ಕೆಯ ದಿನ ನಾನು ಅರ್ಧ ದಿನ ರಜೆ ಹಾಕಿ, ಗಾಜಿನ ಈಚೆ ಪೋಷಕರ ಬೆಂಚಿನ ಮೇಲಿದ್ದೆ. ಪಕ್ಕದವರಿಗೆ ಗುರಿಯ ಸೂಕ್ಷ್ಮಗಳನ್ನು ವಿವರಿಸುತ್ತಿದ್ದೆ. ನಿರೀಕ್ಷಾ ಕಲ್ಲಿನಂತೆ ನಿಂತಳು. ಮೊದಲ ಪೆಲೆಟ್ ಕಾಗದದ ಅಂಚು ಹರಿಯಿತು. ಎರಡನೆಯದು ಕಾಗದಕ್ಕೇ ತಾಗಲಿಲ್ಲ. ಮೂರನೆಯದು ಪಕ್ಕದ ಹುಡುಗನ ಟಾರ್ಗೆಟ್ಟಿನ ನಟ್ಟನಡುವೆ ಬಿತ್ತು. ಅವನು ತನ್ನದೆಂದು ತಿಳಿದು ಬಹಳ ಖುಷಿಪಟ್ಟ. ಯಾದಗಿರಿ ಸರ್ ರೈಫಲ್ ಇಸಿದುಕೊಂಡು, ಖಾಲಿ ಮಾಡಿ, ಮೂತಿಯ ಹತ್ತಿರ ಮೂಗು ತಂದರು.

"ಇದೇಂದಮ್ಮಾ, ಆಮುದಂ ವಾಸನ!" ಎಂದರು. ಆಮುದಂ ಎಂದರೆ ಹರಳೆಣ್ಣೆಯೆಂದು ತೆಲುಗು ಬಾರದವರಿಗೂ ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಯಾರು ಸುರಿದದ್ದೆಂದು ಕೇಳಿದರು.

"ನೇನೇ ಸರ್," ಎಂದಳು ನಿರೀಕ್ಷಾ. ನಾನೇ, ಎಂದು.

ಬಾಯಿ ತೆರೆದೆ. ಅವಳು ಗಾಜಿನಾಚೆಯಿಂದ ಒಮ್ಮೆ ತಿರುಗಿ ನೋಡಿದಳು. ಬಂದೂಕಿನ ಬಗ್ಗೆ ವರ್ಷಗಟ್ಟಲೆ ಎಡೆಬಿಡದೆ ಆಡಿದ ಈ ಬಾಯಿ, ಅಂದು ಮೊದಲ ಬಾರಿಗೆ ಬಂದೂಕಿನ ಎದುರು ಮೌನ ಪಾಲಿಸಿತು. ಎರವಲು ರೈಫಲ್ ಕೆಡಿಸಿದವರಿಗೆ ಒಂದು ವರ್ಷ ರೈಫಲ್ ಇಲ್ಲ ಎಂಬ ನಿಯಮದಂತೆ ಅಲ್ಲೇ ಆದೇಶವಾಯಿತು.

9. ಸ್ಕೂಟರಿನ ಮೇಲೆ ಮನೆಗೆ ಬಂದೆವು. ಮನೆ ಮುಂದೆ ಇಳಿದಾಗ ನಾನೇ ಕೇಳಿದೆ.

"ಪಪ್ಪಾ ಹಾಕ್ಯಾರಂತ ಹೇಳಬಾರದೇನವಾ?"

"ಗನ್ ಯಾರ ಕೈಯಾಗ ಕೊಟ್ಟಿದ್ರು?"

"ನಿನ್ನ ಕೈಯಾಗ."

"ಮತ್ತ? ಎಣ್ಣಿ ಯಾರು ಹಾಕಿದ್ರೂ ಜವಾಬ್ದಾರಿ ನಂದು. ಇಷ್ಟೂ ಗೊತ್ತಿಲ್ಲೇನು ನಿಮ್ಮ ಗುಂಪಿನ್ಯಾಗ?"

ಗೊತ್ತಿರಲಿಲ್ಲ. ನಮ್ಮ ಬಳಗದಲ್ಲಿ ಯಾರ ಕೈಗೂ ಯಾರೂ ಈವರೆಗೆ ಗನ್ ಕೊಟ್ಟಿಲ್ಲವಾದ ಕಾರಣ, ಈ ಅಂಶ ಚರ್ಚೆಗೆ ಬಂದಿರಲಿಲ್ಲ. ಅಂದಿನಿಂದ ಅವಳು ನನ್ನೊಂದಿಗೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡುತ್ತಿದ್ದಾಳೆ. ಗೋಡೆಯ ಕರಿ ಚುಕ್ಕೆಯನ್ನು ಕಿತ್ತಿಲ್ಲ. ಬರಿಗೈಯಲ್ಲಿ ಅದರ ಎದುರು ನಿಲ್ಲುತ್ತಾಳೆ, ಹೆಗಲೇರಿಸಿ, ಹಿಡಿದವರಂತೆ. ನಾನು ಆ ಕೋಣೆಗೆ ಹೋಗುವುದನ್ನು ಬಿಟ್ಟಿದ್ದೇನೆ.

10. ಉಲ್ಲೇಖ (ಇ)ರಲ್ಲಿ ಸ್ನೇಹಲತಾ ತಿಳಿಸಿರುವುದೇನೆಂದರೆ: "ಬಂದೂಕು ಹಾರಸದೇ ಮಗಳನ್ನ ಕೆಡವಿದ ಮೊದಲನೇ ಮನಷ್ಯಾ ನೀವು." ಇದಕ್ಕೆ ನನ್ನ ಆಕ್ಷೇಪಣೆ ಇರುವುದಿಲ್ಲ. ಮುಂದಿನ ವರ್ಷ ನಿರೀಕ್ಷಾ ಹತ್ತನೇ ತರಗತಿ. ಆ ವರ್ಷ ಅವಳ ಕೈಗೆ ಪೆನ್ನು ಬಿಟ್ಟು ಬೇರೇನೂ ಕೊಡುವುದಿಲ್ಲವೆಂದು ಸ್ನೇಹಲತಾ ಮೊದಲೇ ಘೋಷಿಸಿದ್ದಾಳೆ. ಆದ್ದರಿಂದ ಒಂದು ವರ್ಷದ ನಿಷೇಧವೆಂದರೆ, ನಮ್ಮ ಮನೆಯ ಲೆಕ್ಕದಲ್ಲಿ, ಅವಳ ರೈಫಲ್ ಕಲಿಕೆಯೇ ಮುಗಿಯಿತು ಎಂದು ಅರ್ಥ.

ಕಾರಣ, ಆದ್ದರಿಂದ, ಮೇಲಿನ ಎಲ್ಲ ಸಂಗತಿಗಳ ಹಿನ್ನೆಲೆಯಲ್ಲಿ, ತಾವು ದಯಮಾಡಿ ಕುಮಾರಿ ನಿರೀಕ್ಷಾಳ ನಿಷೇಧವನ್ನು ರದ್ದುಪಡಿಸಿ, ಕೇಂದ್ರದ ಯಾವುದಾದರೂ ಒಣಗಿದ ರೈಫಲ್ಲಿನಿಂದ ಆಕೆಗೆ ಮತ್ತೊಮ್ಮೆ ಆಯ್ಕೆ ಪರೀಕ್ಷೆ ನಡೆಸಬೇಕೆಂದೂ, ಸದರಿ ನಿಷೇಧವನ್ನು ನನ್ನ ಮೇಲೆ, ಒಂದು ವರ್ಷದ ಬದಲು ಆಜೀವ ಪರ್ಯಂತ, ಹೇರಬೇಕೆಂದೂ ಕೋರುತ್ತೇನೆ. ಬಾಯಿಂದ ಬಂದೂಕು ಹಾರಿಸುವುದನ್ನೂ ಇದರ ವ್ಯಾಪ್ತಿಗೆ ತಂದರೆ ಮನೆಯವರು ತಮಗೆ ಋಣಿಗಳಾಗಿರುತ್ತಾರೆ.

ಹೆಚ್ಚುವರಿ ಅಂಶ (ಅರ್ಜಿದಾರನ ಇಚ್ಛೆಗೆ ವಿರುದ್ಧವಾಗಿ ಸೇರಿಸಿದ್ದು): ಅರ್ಜಿಯ ಮೇಲೆ ಶಿಕ್ಷಣಾರ್ಥಿಯ ಸಹಿಯೂ ಬೇಕೆಂಬ ನಿಯಮವಿರುವುದರಿಂದ ಈ ಹಾಳೆಗಳನ್ನು ನಿರೀಕ್ಷಾಳ ಮುಂದಿಟ್ಟೆ. ಪೂರ್ತಿ ಓದಿದಳು. ಎರಡು ಕಡೆ ನಗು ಬಂದಂತಾಯಿತು, ತಡೆದುಕೊಂಡಳು. ಸಹಿ ಹಾಕಲಿಲ್ಲ.

"ಅರ್ಧಾ ಬರದೀರಿ, ಪಪ್ಪಾ. ಪೂಜಿ ದಿನ ಎಣ್ಣಿ ವಾಸನಿ ನನಗೂ ಬಂದಿತ್ತು. ಸಂಗೀನಿಂದಿರಬೇಕು ಅಂದ್ಕೊಂಡೆ. ಹೊಡಿಯೂಕಿಂತ ಮೊದಲು ನಳಿಗಿ ನೋಡೂದು ನನ್ನ ಕೆಲಸ. ನೋಡಲಿಲ್ಲ. ಅದನ್ನೂ ಬರೀರಿ."

"ಅದು ಬರದ್ರ ನಿನಗ ರೈಫಲ್ ಕೊಡಂಗಿಲ್ಲವಾ."

"ಬರೀಲಾರದ ಕೊಟ್ರ ನಾನು ತಗೊಳಂಗಿಲ್ಲ."

ಬರೆದಿದ್ದೇನೆ. ಸಹಿ ಹಾಕಿದ್ದಾಳೆ. ಎರಡನ್ನೂ ತೂಗಿ ನೋಡುವುದು ತಮಗೆ ಬಿಟ್ಟದ್ದು.

ತಮ್ಮ ವಿಧೇಯ ಹಾಗೂ ಇನ್ನು ಮುಂದೆ ನಿರಾಯುಧ,
ಶಿವಪ್ರಕಾಶ ಬೀಳಗಿ

ಶಿಕ್ಷಣಾರ್ಥಿಯ ಸಹಿ: ನಿರೀಕ್ಷಾ ಶಿ. ಬೀಳಗಿ

ಲಗತ್ತುಗಳು:
1. ನಳಿಗೆ ಒರೆಸಿ ಒಣಗಿಸಲು ಬಾಲಾನಗರದ ನಮ್ಮ ಶೆಡ್ಡಿನಲ್ಲಿ ಬಳಸುವ ಮೆತ್ತನೆ ಬಟ್ಟೆ, ಹೊಸದು. ಯಾದಗಿರಿ ಸರ್ ಅವರ ಕೈಗೇ ಕೊಡುವುದು, ನನ್ನ ಕೈಗಲ್ಲ.
2. ಅಮರೇಶಪ್ಪನವರ ಹೇಳಿಕೆ. ಎಣ್ಣೆ ಒಂದು ಚಮಚ ಸಾಕೆಂದು ನನ್ನನ್ನು ಎಚ್ಚರಿಸಿದ್ದಾಗಿ ಅದರಲ್ಲಿ ಎರಡು ಬಾರಿ ನಮೂದಿಸಿದ್ದಾರೆ.

ವಿಶೇಷ ಸೂಚನೆ: ಮರುಪರೀಕ್ಷೆ ಮಂಜೂರಾದ ಪಕ್ಷದಲ್ಲಿ, ಅದರ ದಿನಾಂಕವನ್ನು ನಿರೀಕ್ಷಾಳಿಗೆ ಮಾತ್ರ ನೇರವಾಗಿ ತಿಳಿಸಬೇಕೆಂದೂ, ಯಾವ ಕಾರಣಕ್ಕೂ ನನಗೆ ತಿಳಿಸಬಾರದೆಂದೂ ಕೋರಿಕೆ. ಗೊತ್ತಾದರೆ ಹಿಂದಿನ ದಿನ ನಾನು ಏನಾದರೊಂದು ಪೂಜೆ ಮಾಡದೆ ಇರಲಾರೆ.