ರಾಜ ಹಾರಿದ, ನಾನು ಎದ್ದೆ

ಮೊದಲೇ ಹೇಳಿಬಿಡುತ್ತೇನೆ: ಮೊಬೈಲಿನ ಚದುರಂಗದಲ್ಲಿ ನಾನು ಸಾಮಾನ್ಯ ಆಸಾಮಿಯಲ್ಲ. ಕಲಬುರಗಿಯ ಶಹಾಬಜಾರದ ನಮ್ಮ ಮನೆಯ ಬಚ್ಚಲಲ್ಲಿ ಕೂತು ಬ್ರೆಜಿಲಿನವರನ್ನು ಸೋಲಿಸಿದ್ದೇನೆ. ಹಿಟ್ಟಿನ ಗಿರಣಿಯ ಸರದಿಯಲ್ಲಿ ನಿಂತು ರಷ್ಯಾದವನೊಬ್ಬನ ಮಂತ್ರಿಯನ್ನು ಎತ್ತಿಹಾಕಿದ್ದೇನೆ. ವರ್ಷಗಟ್ಟಲೆ ನಡೆಸಿದ ಈ ಕಠೋರ ಸಾಧನೆಯಿಂದ ನನ್ನ ರೇಟಿಂಗ್ ಎಷ್ಟು ಏರಿತೆಂದರೆ, ಅದರ ಜೊತೆ ಪೈಪೋಟಿಗೆ ನಿಂತದ್ದು ನನ್ನ ಬಿಪಿ ಒಂದೇ!

ಆಟ ಮುಗಿದ ಮೇಲೆ ಮೊಬೈಲು ಪ್ರತಿ ನಡೆಯನ್ನೂ ಪರಿಶೀಲಿಸಿ, ಇದು ಉತ್ತಮ, ಇದು ತಪ್ಪು, ಇದು ಮಹಾಪ್ರಮಾದ ಎಂದು ಷರಾ ಬರೆಯುತ್ತದೆ. ಈ ವೈಜ್ಞಾನಿಕ ಕ್ರಮವನ್ನು ನಾನು ಮನೆಗೂ ಅನ್ವಯಿಸಿದೆ. ಒಂದು ಬೆಳಿಗ್ಗೆ ಉಪ್ಪಿಟ್ಟಿನ ಮೊದಲ ತುತ್ತಿಗೇ "ಮಹಾಪ್ರಮಾದ" ಎಂದೆ. ಹೆಂಡತಿ ಶೋಭಾ ತಟ್ಟೆ ಎತ್ತಿಕೊಂಡು ಹೋದಳು. ಅಂದು ಹಸಿದ ಹೊಟ್ಟೆಯಲ್ಲೇ ಆಫೀಸಿಗೆ ಹೋದೆ.

ಇಂಥ ನನ್ನನ್ನು ನಂಬಿ ನನ್ನ ತಮ್ಮ ಶರಣು ಕಮಲಾಪುರಕ್ಕೆ ಕನ್ಯೆ ನೋಡಲು ಕರೆದೊಯ್ದ. ಅವನೂ ಆ ಊರಿನ ಭಾಗ್ಯಶ್ರೀಯೂ ಕಲಬುರಗಿಯಲ್ಲಿ ಒಂದೇ ಕಡೆ ಕೆಲಸ ಮಾಡುವವರು. ಇಬ್ಬರೂ ಆಗಲೇ ಒಪ್ಪಿಕೊಂಡಿದ್ದರು, ಹಿರಿಯರು ಕೂತು ಮಾತಾಡುವುದಷ್ಟೇ ಬಾಕಿ. ಅಪ್ಪ ತೀರಿಕೊಂಡಿದ್ದರಿಂದ ಗಂಡಿನ ಕಡೆಯ ಹಿರಿಯ ನಾನೇ.

"ಅಣ್ಣಾ, ನೀ ಏನೂ ಮಾಡಬ್ಯಾಡ. ಸುಮ್ನ ಕೂತು, ಕಡೀಕ ಅವ್ರು ಕೊಟ್ಟ ಸಕ್ರಿ ಬಾಯಾಗ ಹಾಕ್ಕೊ. ಅಷ್ಟ ಸಾಕು," ಎಂದ ಶರಣು ಕಾರಿನಲ್ಲಿ.

"ಅಷ್ಟೂ ಆಗಂಗಿಲ್ಲೇನೋ ನನ್ನ ಕೈಲೆ?" ಎಂದು ನಾನು ನಕ್ಕೆ. ಶೋಭಾ ನಗಲಿಲ್ಲ.

ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ತಟ್ಟೆ ತುಂಬ ಕೆಂಪು ಬಾಳೆಹಣ್ಣು. ಹುಡುಗಿಯ ಅಜ್ಜ ಆ ಮನೆಯ ಯಜಮಾನರು, ಬಿಳಿ ಮೀಸೆಯ ಸಮಾಧಾನದ ಮನುಷ್ಯ. ಮಳೆ, ತೊಗರಿ, ರಸ್ತೆ ಎಲ್ಲ ಮಾತಾಡಿಯಾದ ಮೇಲೆ ಕೇಳಿದರು: "ಸಾಹೇಬ್ರ, ಆಫೀಸ್ ಬಿಟ್ಟು ಮತ್ತೇನ್ ಮಾಡ್ತೀರಿ?"

"ಏನೂ ಇಲ್ಲರಿ" ಎಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಾನು ಮೊಬೈಲು ತೆಗೆದು ರೇಟಿಂಗ್ ತೋರಿಸಿದೆ. ಸೋತವರ ದೇಶದ ಬಾವುಟಗಳನ್ನೂ ಒಂದೊಂದಾಗಿ ತೋರಿಸಿದೆ.

"ಅಬ್ಬಬ್ಬಾ! ಹಂಗಾದ್ರ ನನ್ನ ಜೋಡಿನೂ ಒಂದಾಟ ಆಡ್ರಲ್ಲ," ಎಂದು ಅಜ್ಜ ಒಳಗಿನಿಂದ ಚದುರಂಗದ ಹಾಸು, ಕಾಯಿ ತರಿಸಿದರು. ಶೋಭಾ ನನ್ನ ತೊಡೆ ಚಿವುಟಿದಳು. ಹುರಿದುಂಬಿಸುತ್ತಿದ್ದಾಳೆ ಎಂದುಕೊಂಡೆ.

ನಾನು ಠೀವಿಯಿಂದ ಕಾಲಾಳನ್ನು ಎರಡು ಮನೆ ಮುಂದಿಟ್ಟೆ. ಅಜ್ಜ ಅದನ್ನು ಮೆಲ್ಲಗೆ ಒಂದು ಮನೆ ಹಿಂದೆ ಸರಿಸಿದರು.

"ಒಂದೊಂದ ಮನಿ, ಸಾಹೇಬ್ರ. ನಮ್ದು ಹಳೀ ಆಟ. ಇನ್ನೊಂದ್ ಮಾತು, ರಾಜ ಅದಾನಲ್ಲ..."

"ಗೊತ್ತದರಿ, ಎಲ್ಲಾ ಗೊತ್ತದ!" ಎಂದೆ ಉದಾರವಾಗಿ. ಜಗತ್ತನ್ನೇ ಗೆದ್ದವನಿಗೆ ರಾಜನ ಬಗ್ಗೆ ಕಮಲಾಪುರದವರು ಪಾಠ ಹೇಳಬೇಕೆ?

ಕಷ್ಟ ಆಗಲೇ ಶುರುವಾಯಿತು. ಮೊಬೈಲಿನಲ್ಲಿ ಕಾಯಿ ಮುಟ್ಟಿದರೆ ಎಲ್ಲೆಲ್ಲಿ ಹೋಗಬಹುದೆಂದು ಚುಕ್ಕಿಗಳು ಮೂಡುತ್ತವೆ. ಇಲ್ಲಿ ಒಂದು ಚುಕ್ಕಿಯೂ ಮೂಡಲಿಲ್ಲ! ಸವೆದುಹೋದ ಕಾಯಿಗಳಲ್ಲಿ ಒಂಟೆ ಯಾವುದು, ಕಾಲಾಳು ಯಾವುದು ಎಂದೇ ತಿಳಿಯದೆ ನನ್ನ ಒಂಟೆಯನ್ನು ನಾನೇ ಕಾಲಾಳೆಂದು ಬಲಿಕೊಟ್ಟೆ. ಅಜ್ಜನಿಗೋ ಅವಸರವೇ ಇಲ್ಲ. ಒಂದು ನಡೆ ನಡೆದು ಎಲೆಅಡಿಕೆ ಹಾಕಿಕೊಂಡರು, ಇನ್ನೊಂದು ನಡೆದು ಎಮ್ಮೆಗೆ ಮೇವು ಹಾಕಿದರೋ ಇಲ್ಲವೋ ವಿಚಾರಿಸಿದರು. ಅಷ್ಟರಲ್ಲಿ ಓಣಿಯ ಗಂಡಸರೆಲ್ಲ ಬಂದು ಸುತ್ತ ಕೂತರು. "ಯಜಮಾನ್ರ, ಆನಿ ಎತ್ರಿ!" ಎಂದು ಒಬ್ಬ. "ಸಾಹೇಬ್ರ ಕುದುರಿ ಹೋತು!" ಎಂದು ಇನ್ನೊಬ್ಬ. ಅವರ ಬಾಯಿ ಮುಚ್ಚಿಸುವ ಗುಂಡಿ ಜಮಖಾನದ ಮೇಲೆ ಎಲ್ಲಿಯೂ ಇರಲಿಲ್ಲ.

ಆದರೂ ನನ್ನ ಸಾಧನೆ ಕೈಬಿಡಲಿಲ್ಲ. ಅಜ್ಜನ ರಾಜನನ್ನು ಮೂಲೆಗೆ ಕಟ್ಟಿಹಾಕಿದೆ. ಮುಂದಿನ ನಡೆಗೆ "ಶಹ", ಅಂದರೆ ಚೆಕ್, ಎನ್ನಬೇಕು. ಅಷ್ಟರಲ್ಲಿ ಅಜ್ಜ ತಮ್ಮ ರಾಜನನ್ನು ಎತ್ತಿ, ಥೇಟ್ ಕುದುರೆಯ ಹಾಗೆ, ಕಾಲಾಳುಗಳ ತಲೆಯ ಮೇಲಿಂದ ಹಾರಿಸಿ ಆಚೆ ಇಟ್ಟರು!

"ಮೋಸ!" ಎಂದು ಕಿರುಚಿದೆ.

ಶರಣುವಿನ ಕೈಯಲ್ಲಿದ್ದ ಚಹಾ ಅವನ ಹೊಸ ಪ್ಯಾಂಟಿನ ಮೇಲೆ ಬಿತ್ತು.

"ಶಹ ಬೀಳೂತನಕ ರಾಜ ಒಮ್ಮೆ ಕುದುರಿ ಹಾರಕಿ ಹಾರ್ತಾನ್ರಿ. ಅದನ್ನ ಹೇಳಲಾಕತ್ತಿದ್ದೆ, ನೀವು ಗೊತ್ತದ ಅಂದ್ರಿ," ಎಂದರು ಅಜ್ಜ. ಸಿಟ್ಟಿಲ್ಲದೆ ಹೇಳಿದ್ದರಿಂದ ನನಗೆ ಇನ್ನೂ ಉರಿಯಿತು.

ಮುಂದಿನದು ಬೇಗ ಮುಗಿಯಿತು. ಅಜ್ಜ "ಮಾತ್" ಎಂದರು, ನನ್ನ ರಾಜ ಬಿದ್ದ. ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತು. ಮೊಬೈಲಿನಲ್ಲಿ ಸೋತವನು ಏನು ಮಾಡುತ್ತಾನೆ? ಎದುರಾಳಿಗೆ ಒಂದು ಮಾತೂ ಹೇಳದೆ ಮಾಯವಾಗುತ್ತಾನೆ. ನಾನೂ ಹಾಗೆಯೇ ಎದ್ದೆ, ಚಪ್ಪಲಿ ಮೆಟ್ಟಿದೆ, ಹೋಗಿ ಕಾರಿನಲ್ಲಿ ಕೂತೆ. ಅಭ್ಯಾಸಬಲದಿಂದ ಮೊಬೈಲಿನಲ್ಲಿ ಹೊಸ ಆಟವನ್ನೂ ಶುರು ಮಾಡಿದೆ!

ಶೋಭಾ ಓಡಿಬಂದಳು. "ನಿಮ್ಗ ಬುದ್ಧಿ ಎಲ್ಲಿ ಅದರಿ? ಗಂಡಿನ ಹಿರ್ಯಾ ಸಕ್ರಿ ತಿನ್ನದ ಎದ್ದು ಬಂದ್ರ ಕನ್ಯಾ ಒಲ್ಲೆ ಅಂದಂಗ! ಒಳಗ ಹುಡುಗಿ ಅವ್ವ ಅಳಲಾಕತ್ತಾರ. ಶರಣುನ ಮಾರಿ ನೋಡ್ಲಾಕ ಆಗವಲ್ದು."

ಮೊಬೈಲು ಜೇಬಿಗೆ ಹಾಕಿದೆ. ಅಷ್ಟರಲ್ಲಿ ಭಾಗ್ಯಶ್ರೀಯೇ ಬಾಗಿಲು ದಾಟಿ ಬಂದಳು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಭಾವಾರ, ನನ್ನ ಒಲ್ಲೆ ಅಂತ ಎದ್ರೋ, ಆಟ ಸೋತು ಎದ್ರೋ? ಒಳಗ ಬಂದು ಎಲ್ಲಾರ ಮುಂದ ಹೇಳ್ರಿ."

ಎರಡೂ ಅಲ್ಲ, ಗಾಳಿಗೆ ಬಂದೆ ಎನ್ನೋಣವೆಂದುಕೊಂಡೆ. ಅವಳ ಕಣ್ಣು ನೋಡಿ ಧೈರ್ಯ ಬರಲಿಲ್ಲ.

ಹೀಗಾಗಿ ಜಮಖಾನದ ನಡುವೆ ನಿಂತು, ಇಡೀ ಓಣಿಯ ಸಮಕ್ಷಮದಲ್ಲಿ, ಗಂಡಿನ ಕಡೆಯ ಹಿರಿಯನಾದ ನಾನು ಅಧಿಕೃತ ಹೇಳಿಕೆ ನೀಡಿದೆ: "ಕನ್ಯಾ ಭಾಳ ಪಸಂದ್ ಅದರಿ. ನಾ ಸೋತದ್ದಕ್ಕ ನಾಚಿಕಿ ಬಂದು ಎದ್ದು ಹೋದೆ. ಯಜಮಾನ್ರು ಮೋಸ ಮಾಡಿಲ್ಲ."

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸಕ್ಕರೆಯ ತಟ್ಟೆ ಬಂತು. ಅವರು ನನ್ನ ಕೈಗೆ ಕೊಡದೆ, ತಾವೇ ಒಂದು ಹಿಡಿ ನನ್ನ ಬಾಯಿಗೆ ತುರುಕಿದರು.

ನಿಶ್ಚಿತಾರ್ಥವೂ ಚೆನ್ನಾಗಿ ಆಯಿತು. ಗಂಡಿನ ಕಡೆಯಿಂದ ಮಾತಾಡಲು ಶೋಭಾಳನ್ನು ಕೂರಿಸಿದರು. ನನ್ನನ್ನು ಗೋಡೆಗೆ ಒರಗಿಸಿ, ಎಡಕ್ಕೊಬ್ಬರು ಬಲಕ್ಕೊಬ್ಬರು ಹುಡುಗಿಯ ಸೋದರಮಾವಂದಿರು ಒತ್ತಿಕೊಂಡು ಕೂತಿದ್ದರು. ಒಮ್ಮೆ ನೀರು ಕುಡಿಯಲು ಏಳಹೋದೆ, ಇಬ್ಬರೂ ಒಟ್ಟಿಗೇ ನನ್ನ ಹೆಗಲು ಒತ್ತಿ ಕೂರಿಸಿದರು.